ಹಾಲ್‌ಗೆ ಕೆನೆ ಬಣ್ಣವೋ ನವಿಲು ಬಣ್ಣವೋ? ಎರಡನ್ನು ಹೋಲಿಸಿ ನೋಡುವ ಸರಿಯಾದ ಕ್ರಮ

ದಸರಾ ಒಳಗೆ ಬಣ್ಣ ಹೊಡೆಸಿಬಿಡೋಣ ಎಂದು ಹೊರಟ ಮೈಸೂರಿನ ಮನೆಗಳಲ್ಲಿ ಆಗಸ್ಟ್ ಬಂತೆಂದರೆ ಒಂದೇ ಚರ್ಚೆ: ಹಾಲ್‌ಗೆ ಯಾವ ಬಣ್ಣ? ಗೊಂಬೆ ಕೂರಿಸುವ ಮನೆಯಾದರೆ ಚರ್ಚೆ ಇನ್ನೂ ಜೋರು. ಬಂದವರೆಲ್ಲ ಗೊಂಬೆ ನೋಡುವಾಗ ಹಿಂದಿನ ಗೋಡೆಯೂ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅಲ್ವಾ?

ಸಾಮಾನ್ಯವಾಗಿ ಮಾತು ಕೊನೆಗೆ ಎರಡು ಬಣ್ಣಕ್ಕೆ ಬಂದು ನಿಲ್ಲುತ್ತದೆ. ಒಂದು, ಯಾರೂ ಬೇಡ ಅನ್ನದ ತಿಳಿ ಬಣ್ಣ. ಇನ್ನೊಂದು, ಮನೆಯಲ್ಲಿ ಒಬ್ಬರಿಗೆ ತುಂಬಾ ಇಷ್ಟವಾಗಿ ಉಳಿದವರಿಗೆ ಭಯ ಹುಟ್ಟಿಸುವ ಗಾಢ ಬಣ್ಣ. ಇಲ್ಲಿ ಉದಾಹರಣೆಗೆ ಕೆನೆ ಬಣ್ಣ ಮತ್ತು ನವಿಲು ಬಣ್ಣ ಇಟ್ಟುಕೊಳ್ಳೋಣ. ಕೆನೆ ಅಂದರೆ ಅಂಗಡಿಯವರು ಕ್ರೀಮ್ ಅನ್ನುವುದು, ಚೂರು ಹಳದಿ ಬೆರೆತ ಬಿಳುಪು. ನವಿಲು ಬಣ್ಣ ಅಂದರೆ ಹಸಿರು ಬೆರೆತ ಗಾಢ ನೀಲಿ. ಒಂದು ತಿಳಿ, ಒಂದು ಗಾಢ. ಒಂದು ಬೆಚ್ಚಗಿನದು, ಒಂದು ತಣ್ಣಗಿನದು. ಇದಕ್ಕಿಂತ ಎದುರುಬದುರಾದ ಜೋಡಿ ಸಿಗುವುದು ಕಷ್ಟ.

ಎರಡೂ ಕಡೆಯವರು ಶೇಡ್ ಕಾರ್ಡ್ ಹಿಡಿದು ವಾದ ಮಾಡುತ್ತಾರೆ. ತೊಂದರೆ ಇರುವುದು ಆ ಕಾರ್ಡ್‌ನಲ್ಲೇ. ಬೆರಳಗಲದ ಆ ತುಂಡು ಯಾವ ಬಣ್ಣ ಎಂದು ಹೇಳುತ್ತದೆ, ನಿಮ್ಮ ಹಾಲ್‌ನಲ್ಲಿ ಅದು ಹೇಗೆ ಕಾಣುತ್ತದೆ ಎಂದು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ನಿಮ್ಮ ಹಾಲ್‌ನ ಬೆಳಕು.

ಬಣ್ಣ ಕಾಣುವುದು ಹೇಗೆ

ಪೇಂಟ್‌ನಲ್ಲಿ ಮುಖ್ಯವಾಗಿ ಮೂರು ವಸ್ತು ಇರುತ್ತವೆ. ಬಣ್ಣ ಕೊಡುವ ನುಣ್ಣನೆಯ ಪುಡಿ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು, ಎರಡನ್ನೂ ತೆಳುವಾಗಿ ಹರಡಲು ನೀರು ಅಥವಾ ಎಣ್ಣೆ. ಸುಣ್ಣದ ಕಾಲದಲ್ಲಿ ಸುಣ್ಣವೇ ಪುಡಿ, ಸುಣ್ಣವೇ ಅಂಟು. ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದಾಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು, ಕಾಡಿನಿಂದ ಬರುತ್ತಿದ್ದ ಅಂಟು. ನೀರು ಬೆರೆಸಿ ಹೊಡೆಯುವ ಇಂದಿನ ಎಮಲ್ಷನ್ ಪೇಂಟ್‌ನಲ್ಲಿ ಆ ಕೆಲಸ ಮಾಡುವುದು ಅಕ್ರಿಲಿಕ್ ಎಂಬ ಕೃತಕ ಅಂಟು.

ಬೆಳಕು ಗೋಡೆಗೆ ಬಿದ್ದಾಗ ಆ ಪುಡಿ ಬೆಳಕಿನ ಒಂದಷ್ಟು ಭಾಗ ನುಂಗುತ್ತದೆ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ವಾಪಸ್ ಬಂದದ್ದೇ ನಮಗೆ ಕಾಣುವ ಬಣ್ಣ. ಕೆನೆ ಬಣ್ಣ ನೀಲಿ ಭಾಗವನ್ನು ಸ್ವಲ್ಪ ನುಂಗಿ ಬಾಕಿ ಬಹುಪಾಲು ಹಿಂದಿರುಗಿಸುತ್ತದೆ. ನವಿಲು ಬಣ್ಣ ಕೆಂಪು, ಹಳದಿಯ ಹೆಚ್ಚಿನ ಪಾಲನ್ನು ನುಂಗಿ, ನೀಲಿ ಹಸಿರಿನಲ್ಲಿ ಸ್ವಲ್ಪ ಮಾತ್ರ ಬಿಡುತ್ತದೆ. ಅಂದಮೇಲೆ ಬೀಳುವ ಬೆಳಕು ಬದಲಾದರೆ ವಾಪಸ್ ಬರುವುದೂ ಬದಲಾಗುತ್ತದೆ.

ಇದು ನಮಗೆ ಗೊತ್ತಿರುವ ವಿಷಯವೇ. ರೇಷ್ಮೆ ಸೀರೆ ಕೊಳ್ಳುವಾಗ ಅಂಗಡಿಯ ಲೈಟ್ ನಂಬದೆ ಬಾಗಿಲ ಹತ್ತಿರ ಒಯ್ದು, ಹಗಲು ಬೆಳಕಿಗೆ ಹಿಡಿದು ನೋಡುತ್ತೇವೆ. ಸೆರಗಿನ ಪಕ್ಕ ಬಾರ್ಡರ್ ಇಟ್ಟು ನೋಡುತ್ತೇವೆ. ಗೋಡೆಗೂ ಇಷ್ಟೇ ಎಚ್ಚರ ಬೇಕು. ಸೀರೆಯನ್ನು ಬೆಳಕಿನ ಹತ್ತಿರ ಒಯ್ಯಬಹುದು, ಗೋಡೆಯನ್ನು ಆಗುವುದಿಲ್ಲ. ಹಾಗಾಗಿ ಬಣ್ಣವನ್ನೇ ಗೋಡೆ ಇರುವ ಕಡೆಗೆ ತಂದು ನೋಡಬೇಕು.

ಎಷ್ಟು ಬೆಳಕು ವಾಪಸ್ ಬರುತ್ತದೆ?

ಪೇಂಟ್ ಕಂಪನಿಗಳು ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಎಂಬ ಒಂದು ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಭಾಗ ವಾಪಸ್ ಬರುತ್ತದೆ ಎಂಬ ಲೆಕ್ಕ ಅದು. ಪೂರ್ತಿ ಕಪ್ಪು 0, ಪೂರ್ತಿ ಬಿಳಿ 100. ಸೀಲಿಂಗ್‌ಗೆ ಹೊಡೆಯುವ ಬಿಳಿ ಸುಮಾರು 85 ಇರುತ್ತದೆ. ಕೆನೆ ಬಣ್ಣಗಳು 75ರ ಆಸುಪಾಸು. ನವಿಲು ಬಣ್ಣಗಳು 12ರ ಆಸುಪಾಸು. ಶೇಡ್ ಬದಲಾದಂತೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಂತರ ಈ ಮಟ್ಟದ್ದೇ.

ಹಾಲ್‌ನಲ್ಲಿ ಬೆಳಕು ಒಂದೇ ಸಲ ಬಡಿದು ಸುಮ್ಮನಾಗುವುದಿಲ್ಲ. ಒಂದು ಗೋಡೆಗೆ ಬಿದ್ದು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಸೀಲಿಂಗ್‌ಗೆ ಹೀಗೆ ಪುಟಿಯುತ್ತಾ ಹೋಗುತ್ತದೆ. ಕಿಟಕಿಯಿಂದ ದೂರದ ಮೂಲೆಗೆ ಬೆಳಕು ಮುಟ್ಟುವುದು ಹೆಚ್ಚಾಗಿ ಹೀಗೆಯೇ. ಎರಡು ಸಲ ಪುಟಿದ ಮೇಲೆ ಕೆನೆ ಗೋಡೆಗಳ ನಡುವೆ ನೂರರಲ್ಲಿ 56 ಭಾಗ ಉಳಿದಿರುತ್ತದೆ. ನವಿಲು ಗೋಡೆಗಳ ನಡುವೆ ಉಳಿಯುವುದು ಒಂದೂವರೆ ಭಾಗವೂ ಅಲ್ಲ. ಗಾಢ ಬಣ್ಣ ಹೊಡೆದ ಹಾಲ್‌ನಲ್ಲಿ ಹಗಲೇ ಲೈಟ್ ಹಾಕಬೇಕಾಗುವುದಕ್ಕೆ ಕಾರಣ ಇದು.

ಹಾಗಂತ ನವಿಲು ಬಣ್ಣವನ್ನು ಪೂರ್ತಿ ಕೈಬಿಡಬೇಕಿಲ್ಲ. 12 ಅಡಿಗೆ 10 ಅಡಿಯ, 10 ಅಡಿ ಎತ್ತರದ ಹಾಲ್ ತೆಗೆದುಕೊಳ್ಳಿ. ಬಾಗಿಲು ಕಿಟಕಿ ಲೆಕ್ಕಕ್ಕೆ ಬಿಟ್ಟರೆ ನಾಲ್ಕು ಗೋಡೆ ಸೇರಿ 440 ಚದರಡಿ. ಎಲ್ಲಕ್ಕೂ ಕೆನೆ ಹೊಡೆದರೆ ಗೋಡೆಗಳ ಸರಾಸರಿ ಎಲ್‌ಆರ್‌ವಿ 75. ಉದ್ದದ ಒಂದು ಗೋಡೆಗೆ, ಅಂದರೆ 120 ಚದರಡಿಗೆ, ನವಿಲು ಹೊಡೆದರೆ ಸರಾಸರಿ ಸುಮಾರು 58ಕ್ಕೆ ಇಳಿಯುತ್ತದೆ. ನಾಲ್ಕಕ್ಕೂ ಹೊಡೆದರೆ 12. ಒಂದು ಗೋಡೆಯ ನಷ್ಟವನ್ನು ಹಾಲ್ ತಡೆದುಕೊಳ್ಳುತ್ತದೆ, ನಾಲ್ಕರದ್ದನ್ನು ತಡೆದುಕೊಳ್ಳುವುದು ಕಷ್ಟ.

ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ, ಡಾರ್ಕ್ ಬಣ್ಣ ಹೊಡೆದರೆ ಸೆಕೆ ಜಾಸ್ತಿ ಎಂದು. ಅದು ಬಿಸಿಲು ನೇರವಾಗಿ ಬೀಳುವ ಹೊರಗೋಡೆಗೆ, ತಾರಸಿಗೆ ಸರಿ. ಒಳಗೋಡೆಯ ಬಣ್ಣದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

ಮೈಸೂರಿನ ಬಿಸಿಲು ಯಾವ ಕಿಟಕಿಗೆ?

ಬಣ್ಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶಗಳಿಂದ ಬಂದವು. ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ದಕ್ಷಿಣದ ಕೋಣೆಗೆ ವರ್ಷವಿಡೀ ಬಿಸಿಲು ಎಂದು ಅವು ಹೇಳುತ್ತವೆ. ನಮ್ಮೂರಿಗೆ ಇದನ್ನು ಹಾಗೇ ತಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಮೈಸೂರು ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 12.3 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆಯಾಗಿ ಬಿಸಿಲು ತಾಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಹಾಲ್ ಒಳಗೆ ಬಂದು ನೆಲದ ಮೇಲೆ ಬೀಳುತ್ತದೆ. ಜೂನ್‌ನಲ್ಲಿ ಅದೇ ಕಿಟಕಿಗೆ ಮಧ್ಯಾಹ್ನ ಒಂದು ಎಳೆ ಬಿಸಿಲೂ ಇರುವುದಿಲ್ಲ. ಒಂದೇ ಗೋಡೆ ಆರು ತಿಂಗಳಲ್ಲಿ ಎರಡು ರೀತಿ ಕಾಣುತ್ತದೆ.

ಪೂರ್ವದ ಕಿಟಕಿಯ ಹಾಲ್‌ನಲ್ಲಿ ಬೆಳಿಗ್ಗೆ ಎಳೆ ಬಿಸಿಲಿಗೆ ಕೆನೆ ಬಣ್ಣ ತುಂಬಾ ಚೆನ್ನಾಗಿ ಬೆಳಗುತ್ತದೆ. ಮಧ್ಯಾಹ್ನದ ಮೇಲೆ ಅಲ್ಲಿಗೆ ಬರುವುದು ಆಕಾಶದ ಬೆಳಕು ಮಾತ್ರ. ಅದರಲ್ಲಿ ನೀಲಿ ಜಾಸ್ತಿ, ಆಗ ಕೆನೆ ಸ್ವಲ್ಪ ಸಪ್ಪೆಯಾಗುತ್ತದೆ, ನವಿಲು ಬಣ್ಣ ಇನ್ನಷ್ಟು ನೀಲಿಯಾಗುತ್ತದೆ. ಪಶ್ಚಿಮದ ಹಾಲ್‌ನಲ್ಲಿ ಇದರ ಉಲ್ಟಾ. ಸಂಜೆಯ ಕೇಸರಿ ಬಿಸಿಲು ಬಿದ್ದರೆ ಕೆನೆ ಬಣ್ಣ ಅರಿಶಿನಕ್ಕೆ ತಿರುಗುತ್ತದೆ, ನವಿಲು ಬಣ್ಣದ ನೀಲಿ ಅಡಗಿ ಹಸಿರು ಮುಂದೆ ಬರುತ್ತದೆ.

ದಿಕ್ಕಿಗಿಂತಲೂ ಮುಖ್ಯವಾದದ್ದು ಕಿಟಕಿಯ ಎದುರಿಗೆ ಏನಿದೆ ಎಂಬುದು. ಮೂವತ್ತು ನಲವತ್ತರ ಸೈಟುಗಳಲ್ಲಿ ಪಕ್ಕದ ಮನೆ ಕೆಲವೇ ಅಡಿ ದೂರದಲ್ಲಿರುತ್ತದೆ. ಆ ಗೋಡೆ ಕಿತ್ತಳೆ ಬಣ್ಣದ್ದಾದರೆ ನಿಮ್ಮ ಹಾಲ್‌ಗೆ ಬರುವ ಬೆಳಕಿಗೂ ಕಿತ್ತಳೆ ಬೆರೆತಿರುತ್ತದೆ. ಎದುರಿಗೆ ಹೊಂಗೆ ಮರ ಇದ್ದರೆ ಹಸಿರು. ನೆಲವೂ ಅಷ್ಟೇ. ಹಳೇ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದ ಬಿಸಿಲು ಕೆನೆ ಗೋಡೆಯ ಕೆಳಭಾಗಕ್ಕೆ ನಸುಗೆಂಪು ಹಚ್ಚುತ್ತದೆ. ನೋಡಲು ಅದು ಚೆಂದ, ಆದರೆ ಕಾರ್ಡ್‌ನಲ್ಲಿ ಇಲ್ಲದ ಬಣ್ಣ.

ಸಂಜೆ ಏಳರ ಮೇಲೆ ಬಲ್ಬ್ ಆಟ

ಹಾಲ್‌ನಲ್ಲಿ ಎಲ್ಲರೂ ಕೂರುವುದು ರಾತ್ರಿ. ಬಣ್ಣ ಆರಿಸುವುದು ಮಾತ್ರ ಹಗಲಲ್ಲಿ. ಎಲ್‌ಇಡಿ ಬಲ್ಬ್ ಡಬ್ಬಿಯ ಮೇಲೆ ಒಂದು ಅಂಕಿ ಇರುತ್ತದೆ: 3000ಕೆ, 4000ಕೆ, 6500ಕೆ. ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಹಳದಿ, ಜಾಸ್ತಿ ಇದ್ದಷ್ಟೂ ನೀಲಿ ಬೆರೆತ ಬಿಳಿ. ಅಂಗಡಿಯಲ್ಲಿ ಕೂಲ್ ಡೇಲೈಟ್ ಎಂದು ಕೊಡುವುದು 6500ಕೆ. ಅದರ ಕೆಳಗೆ ಕೆನೆ ಬಣ್ಣ ಹೆಚ್ಚುಕಡಿಮೆ ಬಿಳಿಯಾಗಿಬಿಡುತ್ತದೆ, ನವಿಲು ಬಣ್ಣ ನೀಲಿಗೆ ವಾಲುತ್ತದೆ. 3000ಕೆ ಬಲ್ಬ್ ಹಾಕಿದರೆ ಕೆನೆ ಬೆಣ್ಣೆಯಾಗುತ್ತದೆ, ನವಿಲು ಬಣ್ಣ ಹಸಿರಾಗಿ, ಸ್ವಲ್ಪ ಮಂಕಾಗಿ ಕಾಣುತ್ತದೆ.

ಅದೇ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿಯೂ ಇರಬಹುದು. ಬಲ್ಬ್ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಕೊಟ್ಟ ಅಂಕ ಅದು. 80 ಸಾಮಾನ್ಯ, 90 ಚೆನ್ನಾಗಿರುತ್ತದೆ. ಗಾಢ ಬಣ್ಣ ಹೊಡೆಸುವವರು ಈ ಅಂಕಿ ನೋಡಿ ಬಲ್ಬ್ ತರುವುದು ಒಳ್ಳೆಯದು, ಇಲ್ಲದಿದ್ದರೆ ಅಷ್ಟು ದುಡ್ಡು ಕೊಟ್ಟ ನವಿಲು ಬಣ್ಣ ರಾತ್ರಿ ಬರೀ ಬೂದಿಯಾಗಿ ಕಾಣಬಹುದು.

ಪಕ್ಕದಲ್ಲಿ ಯಾವ ಬಣ್ಣ ಇದೆ?

ಫ್ರಾನ್ಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಒಂದು ದೂರು ಬಂತು. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ, ಪೇಲವವಾಗಿದೆ ಎಂದು. ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೋಲ್ ನೂಲನ್ನು ಪರೀಕ್ಷಿಸಿದರೆ ಬಣ್ಣ ಸರಿಯಾಗಿಯೇ ಇತ್ತು. ಆ ಕಪ್ಪನ್ನು ನೀಲಿ, ನೇರಳೆ ನೂಲಿನ ಪಕ್ಕದಲ್ಲಿ ನೇಯ್ದಾಗ ಅದು ಪೇಲವವಾಗಿ ಕಾಣುತ್ತಿತ್ತು, ಅಷ್ಟೇ. ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1839ರಲ್ಲಿ ಅವರು ವಿವರವಾಗಿ ಪ್ರಕಟಿಸಿದರು. ಎರಡು ಬಣ್ಣ ಅಕ್ಕಪಕ್ಕ ಇದ್ದರೆ ಕಣ್ಣು ಅವುಗಳ ಅಂತರವನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ತೋರಿಸುತ್ತದೆ. ಗಾಢದ ಪಕ್ಕ ತಿಳಿ ಇನ್ನೂ ತಿಳಿಯಾಗುತ್ತದೆ, ತಿಳಿಯ ಪಕ್ಕ ಗಾಢ ಇನ್ನೂ ಗಾಢವಾಗುತ್ತದೆ.

ಮನೆಯಲ್ಲೇ ಇದನ್ನು ನೋಡಬಹುದು. ನವಿಲು ಬಣ್ಣದ ಬಟ್ಟೆಯೋ ಕಾಗದವೋ ಚೆನ್ನಾಗಿ ಬೆಳಕಿರುವ ಕಡೆ ಇಟ್ಟು, ಅದರ ನಡುವಿನ ಒಂದು ಚುಕ್ಕೆಯನ್ನು ಅರ್ಧ ನಿಮಿಷ ಕಣ್ಣು ಕದಲಿಸದೆ ನೋಡಿ. ತಕ್ಷಣ ಬಿಳಿ ಗೋಡೆ ಕಡೆ ತಿರುಗಿ. ಅಲ್ಲಿ ನಸುಗೆಂಪು ಛಾಯೆಯೊಂದು ತೇಲಿ ಬರುತ್ತದೆ, ಕೆಲವು ಕ್ಷಣದಲ್ಲಿ ಮಾಯವಾಗುತ್ತದೆ. ನೀಲಿ ಹಸಿರು ನೋಡಿ ದಣಿದ ಕಣ್ಣು ಅದರ ಎದುರು ಬಣ್ಣವನ್ನು ತೋರಿಸುತ್ತಿದೆ. ಅಂಗಡಿಯಲ್ಲಿ ನವಿಲು ಬಣ್ಣದ ಕಾರ್ಡ್ ತುಂಬಾ ಹೊತ್ತು ನೋಡಿ, ಹಾಗೇ ಕೆನೆ ಕಾರ್ಡ್ ಎತ್ತಿಕೊಂಡರೆ ಅದು ಇದ್ದದ್ದಕ್ಕಿಂತ ಕೆಂಪಗೆ ಕಾಣುವುದು ಇದೇ ಕಾರಣಕ್ಕೆ. ನಡುವೆ ಸ್ವಲ್ಪ ಹೊತ್ತು ಹೊರಗೆ ನೋಡಿ ಬನ್ನಿ.

ಗೊಂಬೆ ಕೂರಿಸುವವರಿಗೆ ಇದರಲ್ಲಿ ಒಂದು ಲಾಭ ಇದೆ. ಪಟ್ಟದ ಗೊಂಬೆಗಳು ಕೆಂಪು ಛಾಯೆಯ ಮರದವು. ಕೆಂಪಿನ ಎದುರು ಬಣ್ಣವೇ ನೀಲಿ ಹಸಿರು. ಹಾಗಾಗಿ ನವಿಲು ಗೋಡೆಯ ಮುಂದೆ ಅವು ಎದ್ದು ಕಾಣುತ್ತವೆ, ಮೆಟ್ಟಿಲಿಗೆ ಹಾಸಿದ ಬಿಳಿ ಬಟ್ಟೆಯೂ ಹೊಳೆಯುತ್ತದೆ. ಕೆನೆ ಗೋಡೆಯ ಮುಂದೆ ಗೊಂಬೆಗಳ ಬಣ್ಣ ಶಾಂತವಾಗಿ, ಒಂದಕ್ಕೊಂದು ಹೊಂದಿಕೊಂಡು ಕಾಣುತ್ತದೆ. ನನ್ನ ಮನಸ್ಸು ವಾಲುವುದು ನವಿಲಿನ ಕಡೆಗೆ. ಗೊಂಬೆ ಎತ್ತಿಟ್ಟ ಮೇಲೆ ಉಳಿದ ದಿನಗಳಲ್ಲಿ ಆ ಗೋಡೆಯ ಮುಂದೆ ಏನಿರುತ್ತದೆ ಎಂದೂ ಯೋಚಿಸಿ.

ಎರಡೂ ಬೇಕೆಂದರೆ ಯಾವ ಗೋಡೆಗೆ ಯಾವುದು

ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು ಮೇಲೆ ನೋಡಿದವರಿಗೆ ನವಿಲು ಬಣ್ಣದ ಸೊಬಗು ಮರೆಯುವುದಿಲ್ಲ. ಎತ್ತರದ ಎರಕದ ಕಂಬಗಳಿಗೆ ಹಸಿರು ನೀಲಿ, ಮೇಲೆ ನವಿಲು ಚಿತ್ತಾರದ ಬಣ್ಣದ ಗಾಜು. 1912ರಲ್ಲಿ ಮುಗಿದ ಆ ಕಟ್ಟಡದಲ್ಲಿ ಗಾಢ ಬಣ್ಣ ಅಷ್ಟು ಚೆನ್ನಾಗಿ ಕಾಣುವುದಕ್ಕೆ ಕಾರಣ ಇದೆ. ಬೆಳಕು ಚಾವಣಿಯ ಗಾಜಿನಿಂದ ಇಳಿದು ಬರುತ್ತದೆ, ಜಾಗ ದೊಡ್ಡದು, ಜೊತೆಗೆ ಚಿನ್ನದ ಬಣ್ಣ ಇದೆ. ನಮ್ಮ ಹಾಲ್‌ಗೆ ಬೆಳಕು ಬರುವುದು ಪಕ್ಕದ ಒಂದೋ ಎರಡೋ ಕಿಟಕಿಯಿಂದ, ಅದೂ ಸಜ್ಜಾ ಕೆಳಗಿನಿಂದ. ಆದ್ದರಿಂದ ಗೋಡೆ ಆರಿಸುವುದರಲ್ಲಿ ಜಾಣತನ ಬೇಕು.

ಕಿಟಕಿ ಇರುವ ಗೋಡೆಗೆ ಬೆಳಕು ನೇರವಾಗಿ ಬೀಳುವುದಿಲ್ಲ. ಅದು ಮೊದಲೇ ಕತ್ತಲು. ಅದಕ್ಕೆ ನವಿಲು ಹೊಡೆದರೆ ನಡುವಿನ ಕಿಟಕಿ ಕಣ್ಣಿಗೆ ಚುಚ್ಚುವಷ್ಟು ಪ್ರಖರವಾಗಿ, ಸುತ್ತಲಿನ ಗೋಡೆ ಬರೀ ಕಪ್ಪಾಗಿ ಕಾಣುತ್ತದೆ. ಕಿಟಕಿಯ ಎದುರಿನ ಗೋಡೆಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಅದು ಹಾಲ್‌ನ ಉಳಿದ ಭಾಗಕ್ಕೆ ಬೆಳಕು ಹಂಚುವ ಗೋಡೆ, ಅಲ್ಲಿ ಕೆನೆ ಇದ್ದರೆ ಇಡೀ ಹಾಲ್‌ಗೆ ಲಾಭ. ಪಕ್ಕದ ಗೋಡೆಗೆ ಬೆಳಕು ಓರೆಯಾಗಿ ಹರಿದು ಬರುತ್ತದೆ. ನವಿಲು ಬಣ್ಣಕ್ಕೆ ನಾನು ಆರಿಸುವುದು ಅದನ್ನೇ. ಬಣ್ಣದ ಆಳ ಕಾಣುವಷ್ಟು ಬೆಳಕೂ ಅಲ್ಲಿ ಸಿಗುತ್ತದೆ, ಹಾಲ್ ಕತ್ತಲಾಗುವುದೂ ಇಲ್ಲ.

ಆದರೆ ಓರೆ ಬೆಳಕಿಗೆ ಪುಟ್ಟಿಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಆ ಗೋಡೆಗೆ ಪುಟ್ಟಿ ಉಜ್ಜಿದ ಮೇಲೆ, ಪ್ರೈಮರ್ ಹೊಡೆಯುವ ಮುಂಚೆ, ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಹಿಡಿದು ನೋಡಿ. ಪೇಂಟರ್‌ಗೂ ತೋರಿಸಿ. ಹಗಲು ಕಾಣದ, ಪುಟ್ಟಿ ಎಳೆದ ಪಟ್ಟಿಯ ಗೆರೆಗಳೆಲ್ಲ ಆಗ ಕಾಣುತ್ತವೆ.

ಸ್ಯಾಂಪಲ್ ಹೊಡೆದು ನೋಡುವುದು

ನೇರವಾಗಿ ಗೋಡೆಗೆ ಅಂಗೈಯಗಲ ಬಳಿದು ನೋಡುವುದರಿಂದ ಪ್ರಯೋಜನ ಕಡಿಮೆ. ಸುತ್ತಲಿನ ಹಳೇ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಅದರ ಬದಲು ದಪ್ಪ ಡ್ರಾಯಿಂಗ್ ಶೀಟ್ ಅಥವಾ ಪ್ಲೈವುಡ್ ತುಂಡು ತನ್ನಿ, ಎರಡೆರಡು ಅಡಿ ಇದ್ದರೆ ಸಾಕು. ಅಂಗಡಿಯಲ್ಲಿ ಸಿಗುವ ಚಿಕ್ಕ ಡಬ್ಬಿಗಳಲ್ಲಿ ಎರಡೂ ಬಣ್ಣವನ್ನು ಬೇರೆಬೇರೆಯಾಗಿ ಕಲೆಸಿ ತಂದು, ಒಂದೊಂದನ್ನು ಒಂದೊಂದು ತುಂಡಿಗೆ, ಅಂಚಿನವರೆಗೂ ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗುವವರೆಗೆ ಏನನ್ನೂ ತೀರ್ಮಾನಿಸಬೇಡಿ. ಹಸಿ ಎಮಲ್ಷನ್‌ನ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಹಾಗಾಗಿ ನವಿಲು ಬಣ್ಣ ಒಣಗುತ್ತಾ ಒಣಗುತ್ತಾ ಗಾಢವಾಗುತ್ತದೆ.

ಒಣಗಿದ ಶೀಟನ್ನು ಅದೇ ಗೋಡೆಗೆ, ನಿಂತ ಸ್ಥಿತಿಯಲ್ಲಿ ಅಂಟಿಸಿ. ನೆಲದ ಮೇಲೆ ಇಟ್ಟು ನೋಡಿದರೆ ಬೆಳಕು ಬೇರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಲೈಟ್ ಹಾಕಿ, ಮೋಡ ಇದ್ದ ದಿನವೂ ನೋಡಿ. ಮೊದಲು ಒಂದೊಂದಾಗಿ, ಆಮೇಲೆ ಜೊತೆಗೆ. ಸೋಫಾ ಬಟ್ಟೆ, ಪರದೆ, ಬಾಗಿಲಿನ ಮರ ಪಕ್ಕದಲ್ಲಿರಲಿ. ಒಂದು ಬಿಳಿ ಹಾಳೆಯನ್ನು ಪಕ್ಕಕ್ಕೆ ಹಿಡಿದರೆ ಕೆನೆ ಬಣ್ಣದ ಒಳಗಿನ ಛಾಯೆ ಹೊರಬರುತ್ತದೆ: ಕೆಲವು ಗುಲಾಬಿಗೆ, ಕೆಲವು ಹಸಿರಿಗೆ ವಾಲಿರುತ್ತವೆ.

ಕೆನೆ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಾಲ್ಕು ಕೆನೆ ಗೋಡೆಗಳ ನಡುವೆ ಬೆಳಕು ಪುಟಿದಷ್ಟೂ ನೀಲಿ ಕಳೆದುಕೊಂಡು ಹಳದಿಯಾಗುತ್ತದೆ. ಮೂಲೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಶೀಟ್ ಮೇಲೆ ಸರಿಯಾಗಿದೆ ಅನಿಸಿದ ಕೆನೆ, ಇಡೀ ಹಾಲ್‌ಗೆ ಹೊಡೆದ ಮೇಲೆ ಹಳದಿ ಜಾಸ್ತಿ ಆಯ್ತು ಅನಿಸುವುದು ಇದರಿಂದ. ಸಂದೇಹ ಇದ್ದರೆ ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ.

ಖರ್ಚು ಮತ್ತು ನೋಡಿಕೊಳ್ಳುವುದು

ಅಂಗಡಿಯಲ್ಲಿ ಬಣ್ಣ ಕಲೆಸುವ ಟಿಂಟಿಂಗ್ ಮೆಷಿನ್ ಎಲ್ಲ ಶೇಡನ್ನೂ ಒಂದೇ ಮೂಲ ಪೇಂಟಿನಿಂದ, ಅಂದರೆ ಒಂದೇ ಬೇಸ್‌ನಿಂದ ಮಾಡುವುದಿಲ್ಲ. ತಿಳಿ ಬಣ್ಣಗಳ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಜಾಸ್ತಿ. ಹಳೇ ಬಣ್ಣವನ್ನು ಮುಚ್ಚುವ ಶಕ್ತಿ ಅದಕ್ಕಿದೆ. ಗಾಢ ಬಣ್ಣಗಳ ಬೇಸ್‌ನಲ್ಲಿ ಅದು ಕಡಿಮೆ, ಇಲ್ಲದಿದ್ದರೆ ಬಣ್ಣ ಗಾಢವಾಗುವುದೇ ಇಲ್ಲ. ಹಾಗಾಗಿ ಕೆನೆಗೆ ಎರಡು ಕೋಟ್ ಸಾಕಾದರೆ ನವಿಲಿಗೆ ಮೂರು ಬೇಕಾಗಬಹುದು. ಪ್ರೈಮರ್‌ಗೆ ಸ್ವಲ್ಪ ಬೂದು ಬಣ್ಣ ಕಲೆಸಿ ಹೊಡೆದರೆ ಒಂದು ಕೋಟ್ ಉಳಿಯುವ ಸಾಧ್ಯತೆ ಇದೆ. ಮುಂದೊಂದು ದಿನ ನವಿಲು ಬೇಡವಾಗಿ ಕೆನೆಗೆ ಮರಳಬೇಕೆಂದರೆ ಮತ್ತೆ ಪ್ರೈಮರ್‌ನಿಂದ ಶುರು ಮಾಡಬೇಕು, ಆ ಖರ್ಚೂ ಲೆಕ್ಕದಲ್ಲಿರಲಿ.

ಕೆನೆ ಗೋಡೆಯ ಮೇಲೆ ಕೈ ಕಲೆ, ಸ್ವಿಚ್ ಸುತ್ತಲಿನ ಮಸಿ ಕಾಣುತ್ತವೆ. ನವಿಲು ಗೋಡೆಯ ಮೇಲೆ ಧೂಳು, ಗೀರು, ಉಜ್ಜಿದ ಗುರುತು ಕಾಣುತ್ತವೆ. ಗಾಢ ಮ್ಯಾಟ್ ಬಣ್ಣವನ್ನು ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಅಲ್ಲಿ ಮಾತ್ರ ಹೊಳಪು ಬಂದು ಮಚ್ಚೆಯಾಗುತ್ತದೆ. ಮಕ್ಕಳಿರುವ ಮನೆಗೆ ತುಸು ಶೀನ್, ಅಂದರೆ ಹೊಳಪು, ಇರುವ, ತೊಳೆಯಬಹುದಾದ ಎಮಲ್ಷನ್ ಒಳ್ಳೆಯದು.

ತೇವ ಹಿಡಿಯುವ ಗೋಡೆಗೆ ಮಾತ್ರ ನವಿಲು ಬೇಡವೇ ಬೇಡ. ತೇವದ ಜೊತೆ ಹೊರಬರುವ ಬಿಳಿ ಉಪ್ಪು ಕೆನೆ ಬಣ್ಣದ ಮೇಲೆ ಅಷ್ಟಾಗಿ ಕಾಣದು, ಗಾಢ ಬಣ್ಣದ ಮೇಲೆ ದೂರದಿಂದಲೇ ಕಾಣುತ್ತದೆ. ಮೈಸೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಚೆನ್ನಾಗಿ ಮಳೆ ಬರುತ್ತದೆ. ಹಬ್ಬದ ಅವಸರಕ್ಕೆ ಹಸಿ ಗೋಡೆಗೆ ಬಣ್ಣ ಹೊಡೆದರೆ ಚಕ್ಕೆ ಏಳುತ್ತದೆ. ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಿ ಅದನ್ನು ನಿಲ್ಲಿಸಬೇಕು.

ಒಂದು ಗೋಡೆಗೆ ಬೇಕಾದ ನವಿಲು ಬಣ್ಣವನ್ನು ಒಂದೇ ಸಲಕ್ಕೆ ಕಲೆಸಿಕೊಳ್ಳಿ. ಎರಡನೇ ಸಲ ತಂದ ಡಬ್ಬಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಗಾಢ ಗೋಡೆಯ ಮೇಲೆ ಅದು ಪಟ್ಟಿಯಾಗಿ ಕಾಣುತ್ತದೆ. ಶೇಡ್ ನಂಬರ್, ಬೇಸ್, ತಾರೀಖು ಇರುವ ಚೀಟಿಯ ಫೋಟೊ ತೆಗೆದಿಡಿ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ತುಂಬಿ, ಗಾಳಿ ಆಡದ ಹಾಗೆ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಸೋಫಾ ತಾಗಿ ಗೋಡೆಗೆ ಗೀರಾದಾಗ ಟಚಪ್‌ಗೆ ಬೇಕಾಗುತ್ತದೆ.